ಬಲಗಡೆಯ ಪೆಟ್ಟಿಗೆ

ಮೊನ್ನೆ ಶನಿವಾರ ನಮ್ಮೂರ ಲೈಬ್ರರಿಯ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕಗಳ ಮಾರಾಟವಿತ್ತು. ಪುಸ್ತಕದ ಮೇಜುಗಳ ಹಿಂದೆ, ಗೋಡೆಗೆ ಒರಗಿಸಿ, ಎರಡು ಪೆಟ್ಟಿಗೆ ಗ್ರಾಮಫೋನ್ ರೆಕಾರ್ಡುಗಳನ್ನೂ ಇಟ್ಟಿದ್ದರು. ಬಗ್ಗಿ ಒಂದನ್ನು ಎಳೆದೆ. ತೇವ ಕುಡಿದು ಒಣಗಿದ ರಟ್ಟಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಬೂಷ್ಟಿನ ವಾಸನೆ. ನನಗೆ ಅದು ಗೆಳತಿ ನಲಿನಿಯ ವಾಸನೆ. ಹಾಗೆಂದರೆ ಅವಳು ಬೇಜಾರು ಮಾಡಿಕೊಂಡಾಳು, ಮಾಡಿಕೊಳ್ಳಲಿ. ಆ ವಾಸನೆ ಬಂದ ಕೂಡಲೇ ನನ್ನ ಕಣ್ಣು ತಾನಾಗಿ ಬಲಕ್ಕೆ ಹೊರಳಿ, ಅವಳ ಕೈಯಲ್ಲಿ ಏನಿದೆ ಎಂದು ಹುಡುಕುತ್ತದೆ. ಮೊನ್ನೆ ಅವಳು ಊರಲ್ಲೇ ಇರಲಿಲ್ಲ, ಮಗಳ ಮನೆಗೆ ಹೋಗಿದ್ದಳು. ಆದರೂ ನೋಡಿದೆ.

ನಾನು ಧಾರವಾಡದವಳು. ಇಲ್ಲಿ ನ್ಯೂ ಜರ್ಸಿಯ ಮಾನ್ಮತ್ ಜಂಕ್ಷನ್ನಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ, ಪ್ಲೇನ್ಸ್‌ಬರೋದಲ್ಲಿ ಮನೆ. ಕೆಲಸ ಮುಗಿಸಿ ಬಂದವಳು ಟೀವಿ ನೋಡುವುದಿಲ್ಲ, ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಕಳಿಸುವುದಿಲ್ಲ. ಹಳೆಯ ರೆಕಾರ್ಡು ಹುಡುಕುತ್ತೇನೆ. ಮೊದಮೊದಲು ಈ ದೇಶಕ್ಕೆ ಬಂದ ಡಾಕ್ಟರುಗಳು, ಇಂಜಿನಿಯರುಗಳು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಜೋಪಾನವಾಗಿ ಇಟ್ಟು ತಂದ ನಾಟಕದ ಹಾಡು, ಹರಿಕಥೆ, ದಾಸರ ಪದಗಳ ರೆಕಾರ್ಡುಗಳು ಈಗ ಅವರ ಗ್ಯಾರೇಜುಗಳಿಂದ ಹೊರಗೆ ಬರುತ್ತಿವೆ. ದೊಡ್ಡ ಮನೆ ಮಾರಿ ಚಿಕ್ಕ ಮನೆಗೆ ಹೋಗುವವರು ಮೊದಲು ಕೈಬಿಡುವುದು ರೆಕಾರ್ಡುಗಳನ್ನೇ. ನಮ್ಮ ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ. ಇರಬಹುದು, ಆದರೆ ಆ ಹುಚ್ಚಿಗೆ ಒಂದು ಕಾರಣವಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಪಿಯುಸಿ ಓದುವಾಗ ನಾನು ಸಂಗೀತ ಕಲಿಯಲು ಹೋಗುತ್ತಿದ್ದೆ. ಕಲಿಸುತ್ತಿದ್ದವರನ್ನು ಓಣಿಗೆ ಓಣಿಯೇ ಅಕ್ಕಾವರು ಎನ್ನುತ್ತಿತ್ತು, ನಾವೂ ಹಾಗೇ ಅನ್ನುತ್ತಿದ್ದೆವು. ಹಾಡುವುದರಲ್ಲಿ ನಾನು ಅಷ್ಟಕ್ಕಷ್ಟೇ. ಆದರೆ ತಂಬೂರಿ ಚೆನ್ನಾಗಿ ನುಡಿಸುತ್ತೇನೆಂದು ಅಕ್ಕಾವರು ಕಛೇರಿಗಳಿಗೆ ನನ್ನನ್ನು ಹಿಂದೆ ಕೂರಿಸಿಕೊಳ್ಳುತ್ತಿದ್ದರು. ಒಮ್ಮೆ ಕಾಲೇಜಿನ ಸಭಾಂಗಣದಲ್ಲಿ ಅವರು ಹಾಡಿದ್ದನ್ನು ಅಭಿಮಾನಿಗಳು ಸೇರಿ ರೆಕಾರ್ಡು ಮಾಡಿಸಿದರು. ಅವರ ಜೀವಮಾನದಲ್ಲಿ ಬಂದದ್ದು ಅದೊಂದೇ. ಅದು ಹೊರಬರುವ ಹೊತ್ತಿಗೆ ನಾನು ಓದಲು ಪುಣೆಗೆ ಹೋಗಿದ್ದೆ. ಅಕ್ಕಾವರು ನಮ್ಮ ಮನೆಗೆ ಕಳಿಸಿದ ಪ್ರತಿಯನ್ನು ಯಾರೋ ನೆಂಟರು ಕೇಳಿಕೊಂಡು ಒಯ್ದರು, ಒಯ್ದವರು ವಾಪಸು ಕೊಡಲಿಲ್ಲ. ಅಕ್ಕಾವರೂ ಈಗಿಲ್ಲ. ರಜೆಗೆ ಬಂದಾಗ, ಕೊಳ್ಳಲು ದುಡ್ಡಿಲ್ಲದೆ, ಸಂಗೀತದ ಅಂಗಡಿಯ ಕಿಟಕಿಯಲ್ಲಿ ಅದರ ಕವರ್ ನೋಡಿದ್ದು ಬಿಟ್ಟರೆ ನಾನು ಆ ರೆಕಾರ್ಡನ್ನು ಒಮ್ಮೆಯೂ ಕೇಳಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಜಾಲಾಡಿದೆ, ಎಲ್ಲೂ ಇಲ್ಲ. ನಾನು ನುಡಿಸಿದ ತಂಬೂರಿ ಜಗತ್ತಿನಲ್ಲಿ ಉಳಿದಿದ್ದರೆ ಅದರಲ್ಲಿ ಮಾತ್ರ. ಅದಕ್ಕಾಗಿ ಹುಡುಕುತ್ತಿದ್ದೆ, ಉಳಿದದ್ದೆಲ್ಲ ದಾರಿಯಲ್ಲಿ ಸಿಕ್ಕಿದ್ದು.

ಇಂಥ ನನ್ನ ಬದುಕಿಗೆ ನಲಿನಿ ಬಂದಳು. ಮೈಸೂರಿನವಳು, ಮನೆ ಪಕ್ಕದ ಕಾಂಪ್ಲೆಕ್ಸಿನಲ್ಲಿ, ನನ್ನದೇ ವಯಸ್ಸು. ಒಂದು ದಿನ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದವಳು ರೆಕಾರ್ಡಿನ ಕಪಾಟು ನೋಡಿ, ಕುಂಕುಮ ಮರೆತು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ವಸುಂಧರಾ, ನಂಗೂ ಕಲಿಸ್ಕೊಡೇ ಇದನ್ನೆಲ್ಲ," ಎಂದಳು. ಕಲಿಸಿದೆ. ಅಂಚಿನಲ್ಲಿ ಹಿಡಿಯುವುದು, ಬೆಳಕಿಗೆ ವಾರೆ ಮಾಡಿ ಗೀರು ನೋಡುವುದು, ಕವರ್ ಚಂದ ಇದ್ದರೆ ಮೋಸ ಹೋಗದಿರುವುದು, ಎಲ್ಲ ಹೇಳಿಕೊಟ್ಟೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನೂ ಹೇಳಿದೆ: ಬೇಕಾದದ್ದು ಕಂಡಾಗ ಮುಖದಲ್ಲಿ ತೋರಿಸಬಾರದು. ಆಸೆ ತೋರಿಸಿದ ಗಳಿಗೆಯಲ್ಲೇ ಎದುರಿನವರು ಅದನ್ನು ಎದೆಗೆ ಅಪ್ಪಿಕೊಳ್ಳುತ್ತಾರೆ. ಏನೋ ಸಾಧಾರಣ ಎಂದು ಪಕ್ಕಕ್ಕೆ ತಳ್ಳಿ, ಆಮೇಲೆ ಮರೆತವರ ಹಾಗೆ ಎತ್ತಿಕೊಳ್ಳಬೇಕು. ನಲಿನಿ ಕಣ್ಣರಳಿಸಿ ಕೇಳಿದಳು.

ಆ ವರ್ಷ ಹಿಮ ಕರಗಿ, ಜನ ಮನೆಯ ಹಳೆ ಸಾಮಾನು ಮಾರುವ ಗ್ಯಾರೇಜ್ ಸೇಲುಗಳು ಶುರುವಾದಾಗಿನಿಂದ ಶನಿವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಡತೊಡಗಿದೆವು. ಅವಳ ಕಾರು, ನನ್ನ ಫ್ಲಾಸ್ಕಿನ ಚಹಾ. ಎಡಿಸನ್ ಊರಿನ ಒಂದು ಮನೆಯ ಮುಂದೆ ಇಬ್ಬರ ಕೈಯೂ ಒಂದೇ ರೆಕಾರ್ಡಿನ ಮೇಲೆ ಬಿದ್ದು ಕವರ್ ಹರಿಯುವುದರಲ್ಲಿತ್ತು. ಮಾರುತ್ತಿದ್ದವನು ನಕ್ಕುಬಿಟ್ಟ, ನಮಗೆ ನಾಚಿಕೆಯಾಯಿತು. ವಾಪಸು ಬರುವಾಗ ಕಾರಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು. ಕಟ್ಟಳೆ ನನ್ನದೇ. ಎಲ್ಲಿ ಹೋದರೂ ಎಡಗಡೆಯ ಪೆಟ್ಟಿಗೆಗಳು ನನಗೆ, ಬಲಗಡೆಯವು ಅವಳಿಗೆ. ನಿನ್ನ ಪೆಟ್ಟಿಗೆಯಲ್ಲಿ ಬಂದದ್ದು ನಿನ್ನದು, ಆಮೇಲೆ ಕೇಳುವಂತಿಲ್ಲ, ಗೋಗರೆಯುವಂತಿಲ್ಲ. ವರ್ಷದ ಕೊನೆಗೆ ಬೇಡವಾದವನ್ನು ಹೊರಗೆ ತೆಗೆದು ಹರಡಬೇಕು, ಆಗ ಇನ್ನೊಬ್ಬಳು ಬೇಕಾದದ್ದನ್ನು ಆರಿಸಿಕೊಳ್ಳಬಹುದು.

ಎಡಗಡೆಯನ್ನು ನಾನೇಕೆ ಆರಿಸಿಕೊಂಡೆನೋ ದೇವರಿಗೇ ಗೊತ್ತು. ಆ ವಸಂತದಿಂದ ನನ್ನ ಪೆಟ್ಟಿಗೆಗಳಲ್ಲಿ ಬಂದದ್ದೆಲ್ಲ ಕ್ರಿಸ್‌ಮಸ್ ಹಾಡು, ಏರೋಬಿಕ್ಸ್ ಪಾಠ, ಹವಾಯಿಯ ಗಿಟಾರು. ಬಲಗಡೆಯಿಂದ ಮಾತ್ರ "ಅಯ್ಯೋ ವಸುಂಧರಾ, ಇಲ್ನೋಡೇ!" ಎಂಬ ಕೂಗು ತಪ್ಪದೆ ಬರುತ್ತಿತ್ತು. ಅವಳಿಗೆ ಕಂಪನಿ ನಾಟಕದ ರಂಗಗೀತೆಗಳು ಸಿಕ್ಕವು. ಗೀರೇ ಇಲ್ಲದ ಯಕ್ಷಗಾನದ ರೆಕಾರ್ಡು ಸಿಕ್ಕಿತು. ಅವಳಿಗೆ ಮುಖದಲ್ಲಿ ತೋರಿಸದಿರುವ ವಿದ್ಯೆ ಹತ್ತಲೇ ಇಲ್ಲ, ಆದರೂ ಮಾರುವವರು ಅವಳ ಖುಷಿ ನೋಡಿ ತಾವೇ ಇನ್ನೊಂದನ್ನು ಕೈಗಿಡುತ್ತಿದ್ದರು. ಅಂಕಲ್‌ಗಳು ಒಳಗೆ ಕರೆದು ಕಾಫಿ ಕೊಟ್ಟು, ಅಟ್ಟದಲ್ಲಿ ಇನ್ನೂ ಇವೆ ನೋಡಮ್ಮ ಎನ್ನುತ್ತಿದ್ದರು. ನನಗೆ ಯಾವ ಅಂಕಲ್ಲೂ ಒಂದು ಲೋಟ ನೀರು ಕೊಡಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಬೇರೆ ನಯವಾದ ಮಾತಿನಲ್ಲಿ ಹೇಳಲು ನೋಡಿದ್ದೇನೆ, ಆಗುವುದಿಲ್ಲ. ಅವಳ ಗಂಡ ಅವಳಿಗೆ ಗೋಡೆಯುದ್ದಕ್ಕೂ ಓಕ್ ಮರದ ಕಪಾಟು ಮಾಡಿಕೊಟ್ಟ. ನಮ್ಮವರು ನನ್ನ ಕೈಯ ರೆಕಾರ್ಡು ನೋಡಿ "ಮತ್ತ ಪ್ಲೇಟ್ ತಂದ್ಯಾ? ಇಡ್ತಿ ಎಲ್ಲಿ, ನನ್ನ ತಲೀ ಮ್ಯಾಲೆ?" ಎಂದರು. ಅವಳ ಮನೆಗೆ ಹೊಸ ಟರ್ನ್‌ಟೇಬಲ್ ಬಂತು. ಜುಲೈ ತಿಂಗಳ ಆ ಬೇಗೆಯಲ್ಲಿ ಅವಳ ತಂಪಾದ ಬೇಸ್‌ಮೆಂಟಿನಲ್ಲಿ ಕೂತು, ಅವಳ ರೆಕಾರ್ಡು ಕೇಳುತ್ತಾ, ಅವಳೇ ಮಾಡಿದ ಕೋಸಂಬರಿ ತಿನ್ನುತ್ತಾ, ಒಳಗೊಳಗೇ ಉರಿದೆ. ಕೋಸಂಬರಿ ಚೆನ್ನಾಗಿತ್ತು, ಅದಕ್ಕೂ ಉರಿದೆ. ಕಲಿಸಿದವಳು ನಾನು, ಬೆಳಕಿಗೆ ಹಿಡಿದು ಗೀರು ತೋರಿಸಿಕೊಟ್ಟವಳು ನಾನು, ಅದೃಷ್ಟ ಅವಳಿಗೆ. ಕಟ್ಟಳೆ ಬದಲಿಸೋಣವೇ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದ್ದರೆ ಅವಳು "ಅದಕ್ಕೇನಂತೆ" ಎಂದು ನಗುತ್ತಾ ಒಪ್ಪುತ್ತಿದ್ದಳು. ಆ ನಗು ನನಗೆ ಬೇಡವಾಗಿತ್ತು.

ಅಕ್ಟೋಬರಿನಲ್ಲಿ ಬಾಸ್ಕಿಂಗ್ ರಿಡ್ಜಿನಿಂದ ಕರೆ ಬಂತು. ಬೆಳಗಾವಿಯ ಕಡೆಯ ಡಾಕ್ಟರ್ ಆಂಟಿಯೊಬ್ಬರು ಮನೆ ಮಾರಿ ಕರೋಲೈನಾದಲ್ಲಿರುವ ಮಗನ ಹತ್ತಿರ ಹೋಗುವವರಿದ್ದರು. ನಾವು ಹೋದಾಗ ಮನೆಯ ಮುಂದಿನ ಮೇಪಲ್ ಮರದ ಎಲೆಗಳು ಡ್ರೈವ್‌ವೇ ತುಂಬ ಉದುರಿ ಒದ್ದೆಯಾಗಿ ಅಂಟಿಕೊಂಡಿದ್ದವು. ಆಂಟಿ ಅವಲಕ್ಕಿ ಚೂಡಾ ಕೊಟ್ಟರು, ಚಹಾ ಕೊಟ್ಟರು.

"ನಮ್ಮ ಮನಿಯವರು ಊರಿಗೆ ಹೋದಾಗೊಮ್ಮೆ ತರೋರು ನೋಡವಾ. ಬಟ್ಟಿ ಬಿಟ್ಟು ಬಂದಾರು, ಪ್ಲೇಟ್ ಬಿಟ್ಟು ಬರೋರಲ್ಲ. ಈಗ ಅವರೂ ಇಲ್ಲ, ಕೇಳೋರೂ ಇಲ್ಲ. ಯಾರರೆ ಒಯ್ಯಿರಿ," ಎಂದರು.

ಗ್ಯಾರೇಜಿನಲ್ಲಿ ಎರಡು ಪೆಟ್ಟಿಗೆ. ನಾನು ಎಡಕ್ಕೆ ಹೋದೆ, ನಲಿನಿ ಬಲಕ್ಕೆ. ನನ್ನ ಪೆಟ್ಟಿಗೆಯಲ್ಲಿ ಭಜನೆಗಳು, ಒಂದಿಷ್ಟು ಸಿನಿಮಾ ಹಾಡು. ಅರ್ಧ ನೋಡಿದ್ದೆನೋ ಇಲ್ಲವೋ, ಬಲದಿಂದ ನಲಿನಿ ಒಂದನ್ನು ಎತ್ತಿ ನನ್ನ ಕಡೆ ತಿರುಗಿಸಿದಳು.

"ಇವ್ರು ನಿಮ್ಮ ಕಡೆಯವರಲ್ವಾ? ಹೇಗೆ ಹಾಡ್ತಾರೆ?"

ಕಪ್ಪು ಬಿಳುಪಿನ ಚಿತ್ರ. ನಡುವೆ ಅಕ್ಕಾವರು, ಸೆರಗು ಹೊದ್ದು, ಒಂದು ಕೈ ಮುಂದೆ ಚಾಚಿ. ಅವರ ಹಿಂದೆ, ಚಿತ್ರದ ಅಂಚಿನಲ್ಲಿ, ಎರಡು ಜಡೆಯ ಒಬ್ಬ ಹುಡುಗಿ. ತಂಬೂರಿಯ ಕೋಲು ಅವಳ ಅರ್ಧ ಮುಖವನ್ನು ಮುಚ್ಚಿದೆ. ಕೈಯಲ್ಲಿದ್ದ ಭಜನೆಯ ರೆಕಾರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಷ್ಟು ವರ್ಷ ಹುಡುಕಿದ್ದು ನನ್ನಿಂದ ಮೊಳ ದೂರದಲ್ಲಿತ್ತು, ಆದರೆ ಬಲಗಡೆಯ ಪೆಟ್ಟಿಗೆಯಿಂದ ಬಂದಿತ್ತು, ಮತ್ತು ಅದನ್ನು ಹಿಡಿದ ಕೈ ನಲಿನಿಯದು.

ಆ ಕ್ಷಣ ಹೇಳಬಹುದಿತ್ತು. ಹೇಳಿದ್ದರೆ ಏನಾಗುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಚೀರಿ, ನನ್ನನ್ನು ತಬ್ಬಿ, ಆಂಟಿಯನ್ನು ಕರೆದು ತೋರಿಸಿ, ಫೋಟೋ ತೆಗೆದು, ರೆಕಾರ್ಡನ್ನು ನನ್ನ ಕೈಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು. ಬೇಸಿಗೆಯಿಡೀ ಎಲ್ಲವನ್ನೂ ಗೆದ್ದವಳು ಇದನ್ನೂ ಗೆದ್ದು, ನನಗೆ ದಾನ ಮಾಡುತ್ತಿದ್ದಳು. ಆಮೇಲೆ ಕನ್ನಡ ಸಂಘದ ಪ್ರತಿ ಪಾರ್ಟಿಯಲ್ಲೂ ಅದು ಅವಳು ಹೇಳುವ ಕಥೆಯಾಗುತ್ತಿತ್ತು. ಬೇಡ. ಡಿಸೆಂಬರಿನಲ್ಲಿ ಅವಳು ಬೇಡದ್ದನ್ನು ಹರಡಿದಾಗ ನಾನೇ ಆರಿಸಿಕೊಳ್ಳುತ್ತೇನೆ. ಅವಳಿಗೆ ಅಕ್ಕಾವರ ಹಿಂದುಸ್ತಾನಿ ಸಂಗೀತ ಹತ್ತುವುದಿಲ್ಲ, ಇದು ಹರಡುವ ರಾಶಿಗೆ ಬಂದೇ ಬರುತ್ತದೆ. ಅಲ್ಲಿಯವರೆಗೆ ಮುಖದಲ್ಲಿ ತೋರಿಸದಿದ್ದರೆ ಆಯಿತು.

"ನೋಡೋಣ ತಾ," ಎಂದು ಕೈಗೆ ತೆಗೆದುಕೊಂಡೆ. ಬೆಳಕಿಗೆ ವಾರೆ ಮಾಡಿದೆ. ಒಂದು ಗೀರಿಲ್ಲ. "ಹೌದು, ನಮ್ಮ ಕಡಿಯವರು. ಏನಿಲ್ಲ ಬಿಡು, ಸಾಧಾರಣ ಅದ. ಊರಾಗ ನಾಕು ಮಂದಿ ಸೇರಿ ಮಾಡ್ಸಿದ್ದು. ರೆಕಾರ್ಡಿಂಗೂ ಬರೋಬರಿ ಇಲ್ಲ."

"ಹೌದಾ? ಕವರ್ ಎಷ್ಟು ಚೆನ್ನಾಗಿದೆ. ಈ ಹಿಂದೆ ಕೂತಿರೋ ಹುಡ್ಗಿ ನೋಡು, ಪಾಪ, ಹೆದ್ರಿಕೊಂಡಿದಾಳೆ."

"ಕವರ್ ನೋಡಿ ಮೋಸ ಹೋಗಬ್ಯಾಡ ಅಂತ ಹೇಳಿಲ್ಲೇನು?" ಎಂದೆ.

ನಲಿನಿ ತಲೆಯಾಡಿಸಿ ಅದನ್ನು ತನ್ನ ರಾಶಿಯ ಕೆಳಗೆ ಇಟ್ಟುಕೊಂಡಳು. ಅಂದು ವಾಪಸು ಬರುವಾಗ ಅವಳೇ ಡ್ರೈವ್ ಮಾಡುತ್ತಿದ್ದಳು, ರೆಕಾರ್ಡು ಹಿಂದಿನ ಸೀಟಿನಲ್ಲಿತ್ತು. ನಾನು ದಾರಿಯುದ್ದಕ್ಕೂ ಒಮ್ಮೆಯೂ ಹಿಂದೆ ತಿರುಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಶಹಬಾಸ್ ಅಂದುಕೊಂಡೆ.

ನವೆಂಬರಿನಲ್ಲಿ ಅವಳ ಮನೆಗೆ ಹೋದಾಗಲೆಲ್ಲ ಓಕ್ ಕಪಾಟಿನ ಕೆಳಗಿನ ಸಾಲಿನಲ್ಲಿ ಅದರ ಬೆನ್ನು ಕಾಣುತ್ತಿತ್ತು. ಅವಳು ಅದನ್ನು ಹಾಕಿ ಕೇಳಿರಲಿಲ್ಲ. ಕೇಳಿದ್ದೀಯಾ ಎಂದು ನಾನೂ ವಿಚಾರಿಸಲಿಲ್ಲ. ಅಡುಗೆಮನೆಗೆ ಅವಳು ಹೋದಾಗ ಬಗ್ಗಿ ಬೆರಳ ತುದಿಯಿಂದ ಮುಟ್ಟಿ ಬಂದದ್ದುಂಟು. ನನ್ನ ಸೊತ್ತು ಬೇರೆಯವರ ಮನೆಯಲ್ಲಿ ಬಾಡಿಗೆಗಿದ್ದ ಹಾಗೆ ಅನ್ನಿಸುತ್ತಿತ್ತು. ಥ್ಯಾಂಕ್ಸ್‌ಗಿವಿಂಗಿಗೆ ನಾವು ಬಾಸ್ಟನ್ನಿಗೆ ಮಗನ ಹತ್ತಿರ ಹೋದೆವು. ಆ ವಾರವೇ ಸಾಮರ್‌ಸೆಟ್ಟಿನಲ್ಲಿ ರೆಕಾರ್ಡ್ ಮೇಳವಿತ್ತು. ನಲಿನಿ ಮೊದಲ ಸಲ ತಾನೇ ಒಂದು ಮೇಜು ಹಿಡಿದು ಮಾರಲು ಕೂರುತ್ತೇನೆಂದಳು. ನಾನು ಹುಡುಕುವವಳಾಗಿಯೇ ಉಳಿದೆ, ಅವಳು ವ್ಯಾಪಾರಸ್ಥೆಯೂ ಆದಳು ಎಂದು ಅದಕ್ಕೂ ಹೊಟ್ಟೆ ಉರಿಯಿತು. ಆ ಉರಿಯಲ್ಲಿ, ಏನೇನು ಮಾರುತ್ತೀ ಎಂದು ಕೇಳಬೇಕೆಂಬುದೇ ಹೊಳೆಯಲಿಲ್ಲ.

ಡಿಸೆಂಬರಿನಲ್ಲಿ ನಮ್ಮ ಕಟ್ಟಳೆಯಂತೆ ಅವಳ ಬೇಸ್‌ಮೆಂಟಿನಲ್ಲಿ ಜಮಖಾನ ಹಾಸಿ ಬೇಡವಾದವನ್ನು ಹರಡಿದೆವು. ನಾನು ಮೊದಲು ಅದೂ ಇದೂ ಎತ್ತಿ ನೋಡಿದೆ, ಆತುರ ಕಾಣಿಸಬಾರದಲ್ಲ. ರಾಶಿಯಲ್ಲಿ ಅದು ಇರಲಿಲ್ಲ. ಕಪಾಟಿನ ಕೆಳಗಿನ ಸಾಲು ನೋಡಿದೆ. ಅಲ್ಲೂ ಇರಲಿಲ್ಲ.

"ಆ ಧಾರವಾಡದ್ದು ಎಲ್ಲೇತಿ?" ಎಂದು ಆದಷ್ಟು ಸಸಾರವಾಗಿ ಕೇಳಿದೆ.

"ಯಾವ್ದು? ಓ, ಅದಾ! ಫೇರ್‌ನಲ್ಲಿ ಕೊಟ್ಬಿಟ್ಟೆ ಕಣೇ. ನೀನು ಸಾಧಾರಣ ಅಂದಿದ್ನೆಲ್ಲ ಒಂದು ಡಬ್ಬಕ್ಕೆ ಹಾಕಿದ್ದೆ. ಯಾರೋ ಹುಡ್ಗ ಬಂದು ತಗೊಂಡ. ಜರ್ಸಿ ಸಿಟಿಯವ್ನಂತೆ."

ನನ್ನ ಬಾಯಿಂದ ಬಂದ ದನಿ ನನಗೇ ಗುರುತು ಸಿಗಲಿಲ್ಲ. "ಅದನ್ನ ಮಾರಿದ್ಯಾ? ನನ್ನ ಕೇಳಬಾರದೇನು?"

"ನಿನ್ನ ಕೇಳೇ ಅಲ್ವೇನೇ ಹಾಕಿದ್ದು? ಸಾಧಾರಣ ಅಂದ್ಯಲ್ಲ!"

"ಅದರಾಗ ನಾ ಅದೀನಿ, ನಲಿನಿ! ಆ ಕವರಿನ ಮ್ಯಾಲೆ ಹೆದರಿಕೊಂಡು ಕುಂತಾಕಿ ನಾನು! ಆ ತಂಬೂರಿ ನಂದು!"

ನಲಿನಿ ಜಮಖಾನದ ಮೇಲೆ ಕೂತವಳು ಕೂತೇ ಇದ್ದಳು. ಮೇಲೆ ಅವಳ ಗಂಡ ಟೀವಿಯ ಸದ್ದು ಕಮ್ಮಿ ಮಾಡಿದ್ದು ಕೇಳಿಸಿತು. ಕೈಯಲ್ಲಿದ್ದ ರೆಕಾರ್ಡನ್ನು ಕೆಳಗಿಟ್ಟು, "ಮತ್ಯಾಕೆ ಹೇಳ್ಲಿಲ್ಲ ನಂಗೆ?" ಎಂದಳು. ನಿನ್ನ ಕೈಯಿಂದ ಬೇಡವಾಗಿತ್ತು ಎಂದು ಹೇಗೆ ಹೇಳುವುದು? ಚಪ್ಪಲಿ ಮೆಟ್ಟಿಕೊಂಡು, ಕೋಟನ್ನು ಕೈಯಲ್ಲೇ ಹಿಡಿದು, ಚಳಿಯಲ್ಲಿ ಮನೆಗೆ ನಡೆದೆ.

ಮೂರು ವಾರ ನಾವು ಮಾತಾಡಲಿಲ್ಲ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ನಲಿನಿ ಕಾರು ತಂದು ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದಳು. ಮೇಳದಲ್ಲಿ ಅದನ್ನು ಕೊಂಡ ಹುಡುಗ ಇನ್ನಷ್ಟು ಭಾರತದ ರೆಕಾರ್ಡು ಸಿಕ್ಕರೆ ತಿಳಿಸಿ ಎಂದು ಅವಳಿಗೆ ನಂಬರ್ ಕೊಟ್ಟಿದ್ದನಂತೆ. ಕೊಡದೆ ಇರುತ್ತಾನೆಯೇ, ಎಲ್ಲರೂ ಅವಳಿಗೆ ಕೊಡುವವರೇ. "ಬಾ, ಹೋಗಿ ಕೇಳೋಣ. ಮಾತಾಡಿದೀನಿ," ಎಂದಳು. ರಸ್ತೆಯ ಬದಿಯಲ್ಲಿ ಹಿಮ ಕೊಳಕಾಗಿ ಗುಡ್ಡೆ ಬಿದ್ದಿತ್ತು. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಹೋಗುವಾಗ ಇಬ್ಬರೂ ಹವಾಮಾನದ ಬಗ್ಗೆ ಮಾತ್ರ ಮಾತಾಡಿದೆವು.

ಹುಡುಗನ ಹೆಸರು ಈಥನ್. ಮೂವತ್ತರ ಆಸುಪಾಸು, ಕೂದಲು ಗಂಟು ಕಟ್ಟಿದ್ದ, ಸಾಧು ಸ್ವಭಾವ. ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸುತ್ತಾನಂತೆ. ಮನೆಯಲ್ಲಿ ಸೋಫಾ ಇರಲಿಲ್ಲ, ಸ್ಪೀಕರುಗಳಿದ್ದವು. ಅಕ್ಕಾವರ ರೆಕಾರ್ಡನ್ನು ಅವನು ಕಿಟಕಿಯ ಪಕ್ಕದ ಕಪಾಟಿನಲ್ಲಿ, ಕವರ್ ಕಾಣುವ ಹಾಗೆ ಮುಖ ಮುಂದೆ ಮಾಡಿ ನಿಲ್ಲಿಸಿದ್ದ. ನಲಿನಿ ಆ ಹುಡುಗಿ ಇವಳೇ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಚಿತ್ರವನ್ನೂ ನನ್ನನ್ನೂ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು, "ಓ ಮೈ ಗಾಡ್, ಮ್ಯಾಮ್," ಎಂದ. ನಾನು ನೇರವಾಗಿ ಕೇಳಿದೆ, ನನಗೆ ಇದನ್ನು ಕೊಡುತ್ತೀಯಾ ಎಂದು. ಬದಲಿಗೆ ನನ್ನ ಕಪಾಟಿನಿಂದ ಏನು ಬೇಕಾದರೂ ತಗೋ ಎಂದೆ. ಮುಖದಲ್ಲಿ ಎಲ್ಲವನ್ನೂ ತೋರಿಸಿದೆ.

ಅವನು ಬಹಳ ಸಂಕೋಚಪಟ್ಟ. ತಾನು ದಿನವೂ ಕೆಲಸ ಶುರು ಮಾಡುವುದೇ ಇದನ್ನು ಕೇಳಿ, ಇದನ್ನು ಮಾತ್ರ ಕೊಡಲಾರೆ, ಕ್ಷಮಿಸಿ ಎಂದ. ಕಂಪ್ಯೂಟರಿಗೆ ಹಾಕಿಕೊಂಡದ್ದನ್ನು ಇವತ್ತೇ ಕಳಿಸುತ್ತೇನೆ, ಬಂದು ಕೇಳಬೇಕೆನಿಸಿದಾಗ ಯಾವಾಗ ಬೇಕಾದರೂ ಬನ್ನಿ ಎಂದ. ರೆಕಾರ್ಡು ಹುಡುಕುವ ನಮ್ಮಂಥವರಲ್ಲಿ ಯಾರ ಕೈಯಲ್ಲಿದೆಯೋ ಅವರದೇ ರೆಕಾರ್ಡು. ನಾನಾಗಿದ್ದರೂ ಕೊಡುತ್ತಿರಲಿಲ್ಲ. ಆಮೇಲೆ ಅವನು ಅದನ್ನು ಅಂಚಿನಲ್ಲಿ ಹಿಡಿದು, ಟರ್ನ್‌ಟೇಬಲ್ಲಿನ ತಟ್ಟೆಯ ಮೇಲಿಟ್ಟು, ಮುಳ್ಳು ಇಳಿಸಿದ.

ಮೊದಲು ಬಂದದ್ದು ತಂಬೂರಿ. ಒಂಟಿಯಾಗಿ, ಸ್ವಲ್ಪ ಹೊತ್ತು, ಮತ್ತೇನೂ ಇಲ್ಲದೆ. ಅದು ನಾನು. ನನ್ನ ತೋರುಬೆರಳು ಮಡಿಲಲ್ಲಿ ತಾನಾಗಿ ಆಡತೊಡಗಿತು. ಅಕ್ಕಾವರು ಷಡ್ಜ ಹಿಡಿದರು. ಆ ದನಿ ಕೇಳಿ ಎಷ್ಟು ವರ್ಷವಾಗಿತ್ತು! ರಾಗ ನಿಧಾನವಾಗಿ ಬಿಚ್ಚಿಕೊಳ್ಳುತ್ತಿರುವಾಗ ಈಥನ್ ಬೆರಳೆತ್ತಿ, ಈಗ ಕೇಳಿ, ತನಗೆ ತುಂಬ ಇಷ್ಟವಾದ ಜಾಗ ಇದು, ಬಂದ ಗೆಳೆಯರಿಗೆಲ್ಲ ಕೇಳಿಸುತ್ತೇನೆ, ಅರ್ಥ ಮಾತ್ರ ಗೊತ್ತಿಲ್ಲ ಎಂದ. ತಂಬೂರಿ ಒಂದು ಗಳಿಗೆ ತಡವರಿಸಿತು, ಒಂದು ತಂತಿಯ ನಾದ ತಪ್ಪಿತು. ಅಕ್ಕಾವರು ಆಲಾಪದ ನಡುವೆ ಉಸಿರೆಳೆದುಕೊಂಡು, ಮೈಕಿನಿಂದ ಮುಖ ತಿರುಗಿಸಿದವರ ಹಾಗೆ, ಮೆಲ್ಲಗೆ ಅಂದರು:

"ಬಿಡಬ್ಯಾಡ ತಂಗಿ. ಚಲೋ ನುಡಸ್ತಿ. ಹಂಗಽ ಇರಲಿ."

ತಂಬೂರಿ ಮತ್ತೆ ಸರಿಯಾಗಿ ಹೊರಟಿತು. ಅವರು ಮತ್ತೆ ಹಾಡಿದರು.

ಆ ಮಾತು ನನಗೆ ನೆನಪೇ ಇರಲಿಲ್ಲ. ಅಂದು ಬೆರಳು ಮರಗಟ್ಟಿ, ಜನರನ್ನು ನೋಡಿ ಕಣ್ಣು ಕತ್ತಲೆ ಬಂದದ್ದು ನೆನಪಿತ್ತು, ಇದು ಇರಲಿಲ್ಲ. ಕಲಿಸಿದ ಅಷ್ಟು ದಿನಗಳಲ್ಲಿ ಅಕ್ಕಾವರು ನನಗೆ ಬಾಯಿಬಿಟ್ಟು ಚಲೋ ಎಂದದ್ದೇ ಇಲ್ಲ ಎಂದುಕೊಂಡಿದ್ದೆ. ಆಗಲೇ ನಲಿನಿ ಕಣ್ಣೊರೆಸಿಕೊಳ್ಳುತ್ತಾ ಆ ಹುಡುಗನಿಗೆ ಪ್ರತಿ ಪದವನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳತೊಡಗಿದಳು. ಅವನು ಕೈ ಮುಗಿಯುವವನ ಹಾಗೆ ಬೆರಳು ಜೋಡಿಸಿಕೊಂಡು ಕೇಳಿದ. "ಪ್ಲೀಸ್, ಅದೊಂದನ್ನೇ ಇನ್ನೊಂದ್ಸಲ ಹಾಕು," ಎಂದಳು ನಲಿನಿ. ಅವನು ಮುಳ್ಳು ಎತ್ತಿದ, ಹಿಂದಕ್ಕೆ ತಂದ, ಕರಾರುವಾಕ್ಕಾಗಿ ಅದೇ ಜಾಗಕ್ಕೆ ಇಳಿಸಲು ಬಗ್ಗಿದ. ಎಷ್ಟು ಸಲ ಮಾಡಿದ್ದನೋ, ಅವನ ಕೈಗೆ ಆ ಜಾಗ ಗೊತ್ತಿತ್ತು.

"ಸಾಕು, ನಿಲ್ಲಿಸು," ಎಂದೆ. ಇಬ್ಬರೂ ನನ್ನತ್ತ ತಿರುಗಿದರು. ನಾನು ಕೋಟು ಹಾಕಿಕೊಂಡೆ.

ಕಾರು ಟರ್ನ್‌ಪೈಕ್ ಹತ್ತಿತು. ನಲಿನಿ ರಸ್ತೆಯಿಂದ ಕಣ್ಣು ತೆಗೆಯದೆ, "ಯಾಕೇ ನಿಲ್ಸಿಬಿಟ್ಟೆ? ಇನ್ನೊಂದ್ಸಲ ಕೇಳ್ಬೋದಿತ್ತು. ಎಷ್ಟು ಚೆನ್ನಾಗಿತ್ತು ಆ ಮಾತು," ಎಂದಳು.

"ಅಕ್ಕಾವರು ಅದನ್ನ ನನಗ ಹೇಳಿದ್ದು, ನಲಿನಿ," ಎಂದೆ. "ನಿಮ್ಮಿಬ್ಬರಿಗಲ್ಲ."